ಬೀಗ ಹಾಕಿದ ಖಾತೆ

ಇದು ಸ್ವಲ್ಪ ಉದ್ದ ಇದೆ, ಟೈಮ್ ಇದ್ದಾಗ ಓದಿ. ಹೊರದೇಶಕ್ಕೆ ಓದೋಕೆ ಹೋಗಬೇಕು ಅಂತಿರೋ ನಮ್ಮ ಮಕ್ಕಳು ನಿಮ್ಮ ಮನೇಲಿ, ಕೇರೀಲಿ ಇದ್ರೆ ಅವರಿಗೂ ತೋರಿಸಿ.

ನಮ್ಮಕ್ಕನ ಮಗಳು ಈ ಅಕ್ಟೋಬರ್‌ನಲ್ಲಿ ಜರ್ಮನಿಗೆ ಹೋದಳು, ಎಂ.ಎಸ್ಸಿ ಓದೋಕೆ. ಅಕ್ಕನನ್ನ ಕೊಟ್ಟಿರೋದು ಪಾವಗಡ ತಾಲ್ಲೂಕು, ಆಂಧ್ರದ ಗಡಿ ಹತ್ತಿರದ ಒಂದು ಊರು. ಹುಡುಗಿ ಎಸ್ಸೆಸ್ಸೆಲ್ಸಿ ಅಲ್ಲೇ ಓದಿ, ಪಿಯುಸಿಗೆ ಶಿರಾದ ಹಾಸ್ಟೆಲ್‌ನಲ್ಲಿದ್ದು, ತುಮಕೂರಲ್ಲಿ ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಹೆಸರು ಹಾಕಬೇಡ ಮಾಮ ಅಂದಿದಾಳೆ, ಹಾಕಲ್ಲ. ಅವಳು ಹೋಗಿದ್ದರ ಬಗ್ಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡಿದ್ದು ಆಗಲೇ ನೋಡಿದೀರಿ. ನಾನು ಹೇಳೋಕೆ ಹೊರಟಿರೋದು ಆ ಫೋಟೋಗೆ ಮುಂಚೆ ಐದು ತಿಂಗಳು ನಡೆದ ಒಂದು ಬ್ಯಾಂಕ್ ಖಾತೆಯ ಕತೆ. ಆ ಖಾತೆ ಇರೋದು ಜರ್ಮನಿಯಲ್ಲಿ. ಅವಳಿನ್ನೂ ಪಾವಗಡದಲ್ಲಿ ಇದ್ದಾಗಲೇ ಅದನ್ನ ತೆರೀಬೇಕಿತ್ತು, ಬರೀ ತೆರೆದ್ರೆ ಸಾಲದು, ತುಂಬಿಸಬೇಕಿತ್ತು.

ಅದಕ್ಕೆ ಮುಂಚೆ ನನ್ನ ಖಾತೆಯ ಕತೆ ಒಂದು ಹೇಳಿಬಿಡ್ತೀನಿ, ಯಾಕಂದ್ರೆ ಈ ಐದು ತಿಂಗಳೂ ನನ್ನ ತಲೇಲಿ ಅದೇ ಓಡ್ತಿತ್ತು.

1998. ನಾನು ಬಿ.ಎ. ಮೊದಲ ವರ್ಷ. ಸ್ಕಾಲರ್‌ಶಿಪ್ ಬೇಕಂದ್ರೆ ಬ್ಯಾಂಕ್ ಖಾತೆ ಇರಲೇಬೇಕು ಅಂದ್ರು. ಆಗ ಖಾತೆ ತೆರೆಯೋಕೆ ಆಧಾರ್ ಇಲ್ಲ, ಏನಿಲ್ಲ, ಆದ್ರೆ 'ಇಂಟ್ರೊಡ್ಯೂಸರ್' ಬೇಕು. ಅಂದ್ರೆ ಅದೇ ಬ್ಯಾಂಕಲ್ಲಿ ಆಗಲೇ ಖಾತೆ ಇರೋನೊಬ್ಬ 'ಈ ಮನುಷ್ಯ ನನಗೆ ಗೊತ್ತು' ಅಂತ ಫಾರಮ್ಮಿನ ಮೇಲೆ ಸಹಿ ಹಾಕಬೇಕು. ನಮ್ಮ ಎ.ಕೆ. ಕಾಲೋನಿಯಲ್ಲಿ ಅರವತ್ತು ಮನೆ, ಒಬ್ಬರಿಗೂ ಆ ಬ್ಯಾಂಕಲ್ಲಿ ಖಾತೆ ಇರಲಿಲ್ಲ. ಖಾತೆ ಇಲ್ಲದೋನಿಗೆ ಖಾತೆ ಇರೋನು ಸಹಿ ಹಾಕಬೇಕು, ಖಾತೆ ಇರೋರೆಲ್ಲ ಊರೊಳಗೆ. ನಮ್ಮಪ್ಪ ಕಡಲೆಕಾಯಿ ಮಂಡಿಯಲ್ಲಿ ಹಮಾಲಿ. ಮಂಡಿ ಸಾಹುಕಾರರನ್ನ ಕೇಳಿದ. ಇವತ್ತು ಬಾ, ನಾಳೆ ಬಾ ಅಂತ ಮೂರು ದಿನ ಅಲೆಸಿದ್ರು. ನಾಲ್ಕನೇ ದಿನ ಒಂದು ಮೂಟೆ ಮೇಲೆ ಫಾರಂ ಇಟ್ಟು ಸಹಿ ಹಾಕಿ, 'ನಾಳೆ ಇವ್ನು ಏನಾರ ಮಾಡ್ಕಂಡ್ರೆ ನನ್ನ ಕೇಳಂಗಿಲ್ಲ ಕಣಲೇ' ಅಂದ್ರು. ಆ ಭಾನುವಾರ ಒಂದು ಲಾರಿ ಲೋಡು ಬಂತು. ಅಪ್ಪ ಅದನ್ನ ಕೂಲಿ ತಗೊಳ್ಳದೆ ಇಳಿಸಿಕೊಟ್ಟ. ಯಾರೂ ಕೇಳಿರಲಿಲ್ಲ, ತಾನಾಗೇ ಇಳಿಸಿದ. ಕೇಳದೇನೇ ಇಳಿಸಬೇಕು ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಈಗ ಜರ್ಮನಿ ವಿಷಯಕ್ಕೆ ಬರ್ತೀನಿ.

ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಿದ್ರೆ ಆಯ್ತು, ಅದರಲ್ಲೇ ಬಸ್ ಪಾಸೂ ಸೇರಿರುತ್ತೆ ಎಷ್ಟೋ ಕಡೆ. ಇದು ಕೇಳಿದಾಗ ನಾನು ಕುಣಿದಾಡಿದ್ದೆ. ಫೀಸೇ ಇಲ್ಲ ಅಂದ್ಮೇಲೆ ಬಡವರ ಮಕ್ಕಳಿಗೆ ಮಾಡಿಟ್ಟಂಗೈತಲ್ಲ ಅಂತ. ಆಮೇಲೆ ಹುಡುಗಿ ವೀಸಾದ ಪಟ್ಟಿ ಕಳಿಸಿದಳು. ಓದೋಕೆ ದುಡ್ಡು ಬೇಡ, ಆದ್ರೆ ಒಂದು ವರ್ಷ ಅಲ್ಲಿ ಬದುಕೋಕೆ ನಿನ್ನ ಹತ್ರ ದುಡ್ಡಿದೆ ಅಂತ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ತಿಂಗಳಿಗೆ 992ರಂತೆ ಹನ್ನೆರಡು ತಿಂಗಳಿಗೆ. ಇದನ್ನ ನಿಮ್ಮೂರ ಪಾಸ್‌ಬುಕ್‌ನಲ್ಲಿ ತೋರಿಸಿದ್ರೆ ಆಗಲ್ಲ. ಜರ್ಮನಿಯಲ್ಲಿ 'ಸ್ಪೆರ್‌ಕೊಂಟೊ' ಅಂತ ಒಂದು ಖಾತೆ ತೆರೆದು ಅದಕ್ಕೆ ಕಳಿಸಬೇಕು. ದುಡ್ಡು ನಮ್ಮದೇ, ಆದ್ರೆ ಮುಟ್ಟಂಗಿಲ್ಲ. ಅಲ್ಲಿಗೆ ಹೋಗಿ ಇಳಿದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಬಿಡ್ತಾರೆ. ಇಂಗ್ಲಿಷಲ್ಲಿ ಬ್ಲಾಕ್ಡ್ ಅಕೌಂಟ್ ಅಂತಾರೆ. ನಮ್ಮವ್ವಂಗೆ ನಾನು 'ಬೀಗ ಹಾಕಿದ ಖಾತೆ' ಅಂತ ಹೇಳ್ದೆ.

'ನಮ್ ದುಡ್ಡಿಗೆ ಅವ್ರ್ಯಾಕ್ಲಾ ಬೀಗ ಹಾಕ್ತಾರೆ?' ಅಂತು ಅವ್ವ.

ನಾನು ಕಾಲೇಜು ಆಫೀಸಿನಲ್ಲಿ ಗುಮಾಸ್ತ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕು. ಈ ನಾಲ್ಕೂ ಕಡೆಯ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಸೀಡಿಂಗ್ ಆಗಿಲ್ಲ, ಹೆಸರು ಮ್ಯಾಚ್ ಆಗ್ತಿಲ್ಲ ಅನ್ನೋ ಗೋಳು ದಿನಾ ನೋಡ್ತೀನಿ. ಬ್ಯಾಂಕು ನನಗೆ ಹೊಸದೇನಲ್ಲ. ಹಂಗಾಗಿ 'ಖಾತೆ ತಾನೇ, ನೋಡ್ಕಂಡ್ರಾಯ್ತು ಬಿಡು' ಅಂತ ಧೈರ್ಯ ಹೇಳಿದ್ದೆ. ಖಾತೆ ತೆರೆಯೋದು ನಿಜವಾಗ್ಲೂ ಸುಲಭ. ಈ ಕೆಲಸ ಮಾಡೋ ಕಂಪನಿಗಳಿವೆ, ಫಿಂಟಿಬಾ, ಎಕ್ಸ್‌ಪಾಟ್ರಿಯೊ ಅಂತ. ಹುಡುಗಿ ನಮ್ಮನೆ ಜಗಲಿ ಮೇಲೆ ಕೂತು ಫೋನಿನ ಮುಂದೆ ಪಾಸ್‌ಪೋರ್ಟ್ ಹಿಡಿದು ಮುಖ ತೋರಿಸಿದಳು. ಖಾತೆ ನಂಬರ್ ಬಂತು. ಇಂಟ್ರೊಡ್ಯೂಸರ್ ಇಲ್ಲ, ಸಾಹುಕಾರ ಇಲ್ಲ. ನಾನು ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ಅಪ್ಪ ಇದ್ದಿದ್ರೆ ತೋರಿಸಬೇಕಿತ್ತು ಅನ್ನಿಸ್ತು.

ಆದ್ರೆ ಆ ಖಾತೆಯಲ್ಲಿದ್ದದ್ದು ಸೊನ್ನೆ.

ವೀಸಾ ನಿಯಮ ಪೂರ್ತಿ ಓದಿದಾಗ ಗೊತ್ತಾಯ್ತು, ಬೀಗದ ಖಾತೆ ಇಲ್ಲದೇನೂ ಹೋಗಬಹುದು. ಸರ್ಕಾರದ ವಿದ್ಯಾರ್ಥಿವೇತನದ ಪತ್ರ ಇದ್ರೆ ಸಾಕು. ಇಲ್ಲಾಂದ್ರೆ ಜರ್ಮನಿಯಲ್ಲೇ ನೆಲೆಸಿರೋ ಯಾರಾದ್ರೂ ಅಲ್ಲಿನ ಕಚೇರಿಗೆ ಹೋಗಿ 'ಈ ಹುಡುಗಿಯ ಖರ್ಚು ನನ್ನ ಜವಾಬ್ದಾರಿ' ಅಂತ ಬರೆದುಕೊಟ್ರೂ ನಡೆಯುತ್ತೆ. ಅವಳ ಜೊತೆ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹುಡುಗ ಹಂಗೇ ಹೋದ, ಅವನ ಚಿಕ್ಕಪ್ಪ ಮ್ಯೂನಿಕ್‌ನಲ್ಲಿದಾರೆ. ಒಂದು ರೂಪಾಯಿ ಬೀಗ ಹಾಕಿಸಲಿಲ್ಲ. ಆ ಹುಡುಗ ಒಳ್ಳೇವನೇ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಇಪ್ಪತ್ತೇಳು ವರ್ಷದ ಹಿಂದಿನ ಫಾರಂ ಕಣ್ಣ ಮುಂದೆ ಬಂತು. ಅಲ್ಲೂ ಇಂಟ್ರೊಡ್ಯೂಸರ್ ಕಾಲಂ ಇದೆ. ಮೊದಲೇ ಹೋಗಿ ಕೂತ ಚಿಕ್ಕಪ್ಪ ಇರೋರಿಗೆ ಸಹಿ ಸಾಕು, ಇಲ್ಲದೋರು 11,904 ಎಣಿಸಬೇಕು. ನಮ್ಮ ಕೇರಿಗಳಿಂದ ಯಾವ ಚಿಕ್ಕಪ್ಪ ಮ್ಯೂನಿಕ್‌ಗೆ ಹೋಗಿದಾನೆ ಹೇಳಿ.

ಸರ್ಕಾರದ ವಿದ್ಯಾರ್ಥಿವೇತನ ಯಾಕೆ ತಗೊಳ್ಳಲಿಲ್ಲ ಅಂತ ಕೇಳ್ತೀರ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಅದಕ್ಕೆ ಕ್ಯೂಎಸ್ ರ‍್ಯಾಂಕಿಂಗ್‌ನ ಮೊದಲ 500ರಲ್ಲಿ ಇರೋ ವಿಶ್ವವಿದ್ಯಾಲಯವೇ ಆಗಬೇಕು, ನಮ್ಮ ಹುಡುಗಿಗೆ ಸೀಟು ಸಿಕ್ಕಿದ್ದು ಆ ಪಟ್ಟಿಯೊಳಗೆ ಇರಲಿಲ್ಲ. 2025ರ ಜುಲೈನಲ್ಲಿ ಅದಕ್ಕೆ 106 ಮಂದಿ ಆಯ್ಕೆಯಾದಾಗ ಮೊದಲಿಗೆ ಪತ್ರ ಕೊಟ್ಟಿದ್ದು 40 ಮಂದಿಗೆ. ಉಳಿದ 66 ಮಂದಿಗೆ ಹಣ ಲಭ್ಯ ಇದ್ರೆ ನೋಡ್ತೀವಿ ಅಂದ್ರು. ಅದರ ಬಗ್ಗೆ ನಾವೆಲ್ಲ ಬರೆದೆವು, ಕೂಗಾಡಿದೆವು, ನಿಮಗೆ ನೆನಪಿದೆ. ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಅರ್ಹತೆ ಇರೋರು ಖಂಡಿತ ಹಾಕಿ. ನಾವು ವೀಸಾ ದಿನಾಂಕ ಮೊದಲೋ ಪಟ್ಟಿ ಮೊದಲೋ ಅಂತ ಕಾಯೋ ಸ್ಥಿತಿಯಲ್ಲಿರಲಿಲ್ಲ.

ಉಳಿದದ್ದು ಬ್ಯಾಂಕ್ ಸಾಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ವಿ. ಒಂದು ಬ್ಯಾಂಕಿನ ಮ್ಯಾನೇಜರ್ ಕರೆದ್ರು. ಬ್ಯಾಂಕಿನ ಹೆಸರು ಬೇಡ. ಅವರು ಕೇಳಿದ ಮೊದಲ ಪ್ರಶ್ನೆ, 'ಫೀ ಸ್ಟ್ರಕ್ಚರ್ ಎಲ್ಲಿ?'

'ಫೀಸಿಲ್ಲ ಸಾರ್.'

'ಫೀಸಿಲ್ಲ ಅಂದ್ರೆ ಸಾಲ ಯಾಕ್ರೀ?'

ನಗಬೇಡಿ, ಈ ಮಾತುಕತೆ ಮೂರು ಸಲ ನಡೀತು. ಕಾಲೇಜಿಗೆ ಕಟ್ಟೋದಾದ್ರೆ ಡಿಡಿ ಕೊಡ್ತೀವಿ, ಹುಡುಗಿಯ ಹೆಸರಲ್ಲಿರೋ ಖಾತೆಗೆ ಹೆಂಗ್ರೀ ಕಳಿಸೋದು ಅಂತ. ವರ್ಷಕ್ಕೆ ಇಪ್ಪತ್ತು ಲಕ್ಷ ಫೀಸಿರೋ ದೇಶಕ್ಕೆ ಹೋಗ್ತೀವಿ ಅಂದಿದ್ರೆ ಬೇಗ ಆಗ್ತಿತ್ತೋ ಏನೋ. ಆಮೇಲೆ ಅಡಮಾನ. ಶಿಕ್ಷಣ ಸಾಲ ಏಳೂವರೆ ಲಕ್ಷದ ಮೇಲೆ ಹೋದ್ರೆ ಆಸ್ತಿ ಆಧಾರ ಕೊಡಬೇಕು. ಅಕ್ಕನ ಹೆಸರಲ್ಲಿ ಎರಡು ಎಕರೆ ಇದೆ, ಭಾವನ ಅಪ್ಪಂಗೆ ಸರ್ಕಾರ ಮಂಜೂರು ಮಾಡಿದ್ದು. ಮ್ಯಾನೇಜರ್ ಪಹಣಿ ತಿರುಗಿಸಿ ನೋಡಿ, 'ಇದು ಗ್ರ್ಯಾಂಟ್ ಜಮೀನು, ಪಿಟಿಸಿಎಲ್ ಬರುತ್ತೆ. ನಾಳೆ ಹರಾಜು ಹಾಕಿದ್ರೆ ಯಾವನು ಕೂಗ್ತಾನೆ?' ಅಂತ ಪಕ್ಕಕ್ಕಿಟ್ಟರು. 1978ರ ಆ ಕಾಯ್ದೆ ಇಲ್ಲದಿದ್ರೆ ಆ ಎರಡು ಎಕರೆ ಎಂದೋ ಒಂದು ಚೀಲ ರಾಗಿಗೆ, ಒಂದು ಮದುವೆ ಸಾಲಕ್ಕೆ ಹೋಗಿರೋದು. ಕಾಯ್ದೆಗೋಸ್ಕರ ನಾವು ಬೀದೀಲಿ ಕೂತಿದೀವಿ, ಮುಂದೇನೂ ಕೂರ್ತೀವಿ. ಆದ್ರೆ ಆ ಮೇಜಿನ ಮುಂದೆ ಕೂತಾಗ ಅನ್ನಿಸಿದ್ದು ಸುಳ್ಳು ಹೇಳಲ್ಲ. ಯಾರೂ ಕಿತ್ತುಕೊಳ್ಳದಂಗೆ ಉಳಿಸಿಕೊಂಡ ಜಮೀನು ಬ್ಯಾಂಕಿನ ಲೆಕ್ಕದಲ್ಲಿ ಜಮೀನೇ ಅಲ್ಲ. (ನಮ್ಮಕ್ಕನ ಊರು ಸೋಲಾರ್ ಪಾರ್ಕಿನ ಹೊರಗಿದೆ. ತಿರುಮಣಿ ಕಡೆ ಜಮೀನಿದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾದ ಗುತ್ತಿಗೆ ದುಡ್ಡಾದ್ರೂ ಬರುತ್ತೆ, ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದ ನಮ್ಮವರಿಗೆ ಏನು ಬಂತು ಅನ್ನೋದು ಇನ್ನೊಂದು ದಿನದ ಬರಹ.)

ಕೊನೆಗೆ ಆಸ್ತಿ ಆಧಾರ ಇಲ್ಲದೆ, ಜಾಮೀನುದಾರರೂ ಇಲ್ಲದೆ ಏಳೂವರೆ ಲಕ್ಷದವರೆಗೆ ಕೇಂದ್ರದ ಕ್ರೆಡಿಟ್ ಗ್ಯಾರಂಟಿ ಸ್ಕೀಮಿನಲ್ಲಿ ಕೊಡಬಹುದು ಅನ್ನೋದನ್ನ ನಾನೇ ಪ್ರಿಂಟ್ ತೆಗೆದು ತೋರಿಸಿದೆ. ಬೇರೆ ಬ್ರಾಂಚಿನ ಒಬ್ಬ ಅಧಿಕಾರಿ, ಆಯಮ್ಮ ನಮ್ಮವರಲ್ಲ, ಓದಿ ನೋಡಿ 'ಹೌದಲ್ರೀ, ಮಾಡಬಹುದು' ಅಂದ್ರು. ಮಾಡಿಕೊಟ್ರು. ಇಂಥವರೂ ಇದಾರೆ, ಬರೀಲೇಬೇಕು.

ಅಷ್ಟರಲ್ಲಿ ರೂಪಾಯಿ ಜಾರಿತ್ತು. ಫೆಬ್ರವರಿಯಲ್ಲಿ ಅವಳು ಅರ್ಜಿ ಹಾಕುವಾಗ ಯೂರೋ 91 ರೂಪಾಯಿ ಆಸುಪಾಸು ಇತ್ತು. ನನ್ನ ಡೈರಿಯಲ್ಲಿ 10 ಲಕ್ಷ 83 ಸಾವಿರ ಅಂತ ಬರೆದಿದ್ದೆ. ಜುಲೈನಲ್ಲಿ ನಿಜವಾಗಿ ಕಳಿಸುವಾಗ 100 ದಾಟಿತ್ತು, ಬ್ಯಾಂಕಿನವರು ಹಾಕಿದ್ದು 101 ರೂಪಾಯಿ 50 ಪೈಸೆ. 12 ಲಕ್ಷ 8 ಸಾವಿರ ಆಯ್ತು. ಯಾರೂ ಏನೂ ಕೊಳ್ಳದೆ, ತಿನ್ನದೆ, ಬರೀ ಕಾದಿದ್ದಕ್ಕೆ ಒಂದೂಕಾಲು ಲಕ್ಷ. ಬಾಬಾಸಾಹೇಬರ ಲಂಡನ್ನಿನ ಡಿ.ಎಸ್ಸಿ ಪ್ರಬಂಧ ರೂಪಾಯಿಯ ಸಮಸ್ಯೆಯ ಮೇಲೇ ಅಂತ ನಾವು ಭಾಷಣದಲ್ಲಿ ಹೇಳ್ತೀವಿ, 1923ರಲ್ಲಿ ಪುಸ್ತಕವಾಗಿ ಬಂತು ಅಂತ ಇಸವಿ ಸಮೇತ ಹೇಳ್ತೀವಿ. ವಿನಿಮಯ ದರ ಅನ್ನೋದು ಯಾರ ಹೊಟ್ಟೆ ಮೇಲೆ ಹೊಡೆಯುತ್ತೆ ಅಂತ ನನಗೆ ಅರ್ಥ ಆಗಿದ್ದು ಈ ಜುಲೈನಲ್ಲಿ.

ಅವರ ಲೆಕ್ಕವೂ ನೆನಪಾಗುತ್ತೆ. 1913ರಲ್ಲಿ ಬರೋಡ ಮಹಾರಾಜರು ಕೊಟ್ಟಿದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡು. ಅವಧಿ ಮುಗೀತು ಅಂತ 1917ರಲ್ಲಿ ಲಂಡನ್ ಓದು ಅರ್ಧಕ್ಕೆ ಬಿಟ್ಟು ಬಂದ್ರು. ಮುಂಬೈಯಲ್ಲಿ ಪ್ರೊಫೆಸರ್ ಕೆಲಸ ಮಾಡಿ ಕೂಡಿಟ್ಟದ್ದು, ಗೆಳೆಯ ನವಲ್ ಭತೇನಾ ಅವರ ಸಾಲ ಎಲ್ಲ ಸೇರಿಸಿಕೊಂಡು 1920ರಲ್ಲಿ ವಾಪಸ್ ಹೋದ್ರು. 1921ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲೂ ಹೆಸರು ಬರೆಸಿದ್ದರು. ನಾವು ಅವರ ಡಿಗ್ರಿಗಳನ್ನ ಎಣಿಸ್ತೀವಿ, ಸಾಲಗಳನ್ನ ಎಣಿಸಲ್ಲ.

ನಮ್ಮ ಸಾಲ ಎಣಿಸ್ತೀನಿ ಕೇಳಿ. ಬ್ಯಾಂಕಿಂದ ಏಳೂವರೆ ಲಕ್ಷ. ಹುಡುಗಿ ಮೂರು ವರ್ಷದಲ್ಲಿ ಉಳಿಸಿದ್ದು 2 ಲಕ್ಷ 90 ಸಾವಿರ, ಪಿ.ಜಿ.ಯಲ್ಲಿ ನಾಲ್ಕು ಜನರ ರೂಮಿನಲ್ಲಿದ್ದುಕೊಂಡು. ನನ್ನ ಪಿಎಫ್‌ನಿಂದ 60 ಸಾವಿರ. ಅಕ್ಕ ಸ್ವಸಹಾಯ ಸಂಘದಲ್ಲಿ ತೆಗೆದದ್ದು 50 ಸಾವಿರ, ವಾರ ವಾರ ಕಟ್ಟಬೇಕು. ಸಂಘಟನೆಯ ಗೆಳೆಯರು ಸೇರಿ ಕೊಟ್ಟಿದ್ದು 40 ಸಾವಿರ, ಅದರಲ್ಲಿ ಕೊರಟಗೆರೆಯ ಒಬ್ಬ ಆಟೋ ಓಡಿಸೋ ಅಣ್ಣ ಕೊಟ್ಟ ಐದು ಸಾವಿರವೂ ಇದೆ. ಅವ್ವನ ವಾಲೆ ಗಿರವಿ ಇಟ್ಟು 25 ಸಾವಿರ. ಟಿಕೆಟ್ಟಿಗೆ ಸ್ಕೂಟಿ ಮಾರಿದಳು. ಇದರ ನಡುವೆ ಬೆಂಗಳೂರಲ್ಲಿ ಒಬ್ಬ ಏಜೆಂಟ್, ನಾವೇ ದುಡ್ಡು ಹಾಕಿ ತೋರಿಸ್ತೀವಿ, ತಿಂಗಳಿಗೆ ಇಷ್ಟು ಬಡ್ಡಿ, ಖಾಲಿ ಚೆಕ್ಕಿಗೆ ಸಹಿ ಹಾಕಿ ಅಂದ. ಎದ್ದು ಬಂದ್ವಿ. ಇಂಥವರ ಕೈಗೆ ಸಿಕ್ಕಬೇಡಿ ದಯವಿಟ್ಟು.

ದುಡ್ಡು ಕಳಿಸೋ ದಿನವೂ ಒಂದು ಅಡ್ಡಿ. ನಮ್ಮ ಬ್ರಾಂಚಿನಲ್ಲಿ ವಿದೇಶಿ ಹಣ ಕಳಿಸೋ ವ್ಯವಸ್ಥೆ ಇಲ್ಲ, ತುಮಕೂರಿಗೆ ಹೋಗಿ ಅಂದ್ರು. ಅಲ್ಲಿ ಎ2 ಫಾರಂ ತುಂಬಿಸಿ, ಹತ್ತು ಲಕ್ಷ ದಾಟಿದೆ, ದಾಟಿದ್ದಕ್ಕೆ ಇಪ್ಪತ್ತು ಪರ್ಸೆಂಟ್ ಟಿಸಿಎಸ್ ಕಟ್ಟಿ ಅಂದ್ರು. ನಲವತ್ತೊಂದು ಸಾವಿರ ಚಿಲ್ಲರೆ. ಇದನ್ನ ಎಲ್ಲರೂ ಗುರುತು ಹಾಕ್ಕೊಳ್ಳಿ: ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗೋ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಉಳಿದ ನಮ್ಮ ಸ್ವಂತ ದುಡ್ಡು ಹತ್ತು ಲಕ್ಷದೊಳಗೇ ಇತ್ತು, ಅದಕ್ಕೂ ಇಲ್ಲ. ಎರಡು ದಿನ ವಾದ ಮಾಡಿ, ಸಾಲ ಮಂಜೂರಾತಿ ಪತ್ರ ಲಗತ್ತಿಸಿ ಬಿಡಿಸಿಕೊಂಡ್ವಿ. ಗುಮಾಸ್ತನಾಗಿ ಇಪ್ಪತ್ತು ವರ್ಷ ಫೈಲು ಹೊತ್ತಿದ್ದು ಅವತ್ತು ಉಪಯೋಗಕ್ಕೆ ಬಂತು.

ಇನ್ನೊಂದು ವಿಷಯ, ಹೆಸರಿನದ್ದು. ಆ ಫಾರಮ್ಮುಗಳೆಲ್ಲ ಸರ್‌ನೇಮ್ ಕೇಳ್ತವೆ. ನಮಗೆಲ್ಲಿಯ ಸರ್‌ನೇಮ್? ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗಕ್ಕೆ ಅವಳಪ್ಪನ ಹೆಸರು ಹಾಕಿಸಿದ್ವಿ. ನಮ್ಮ ಭಾವನದ್ದು ದೇವರ ಹೆಸರಿಗೆ ಕೊನೆಯಲ್ಲಿ 'ಅಪ್ಪ' ಸೇರಿದ ಹೆಸರು. ಶಾಲೆ ದಾಖಲೆಯಲ್ಲಿ, ಮತದಾರರ ಪಟ್ಟಿಯಲ್ಲಿ ಪೂರ್ತಿ ಇದೆ. ಆದ್ರೆ ಊರಲ್ಲಿ ಆ 'ಅಪ್ಪ' ಅನ್ನೋದನ್ನ ಸೇರಿಸಿ ಯಾವ ಗೌಡರೂ, ಯಾವ ರೆಡ್ಡಿಯೂ ಅವನನ್ನ ಕರೆದಿದ್ದಿಲ್ಲ. ಹುಡುಗನಾಗಿದ್ದಾಗ ಆರು ನೂರು ರೂಪಾಯಿ ಸಾಲಕ್ಕೆ ಜೀತಕ್ಕಿದ್ದ, 1976ರಲ್ಲೇ ಜೀತ ನಿರ್ಮೂಲನೆ ಕಾಯ್ದೆ ಬಂದು ಎಷ್ಟೋ ವರ್ಷ ಆದಮೇಲೂ. ಅರ್ಧ ಹೆಸರು, ಮುಂದೆ ಒಂದು 'ಲೇ'. ಸಾಯೋವರೆಗೂ ಅಷ್ಟೇ. ಮೊಮ್ಮಗುವಿನ ವಯಸ್ಸಿನ ಹುಡುಗರೂ ಹಂಗೇ ಕರೆಯೋರು. ಅವನು ತಿರುಗಿ ನೋಡೋನು.

ದುಡ್ಡು ತಲುಪಿ ನಾಲ್ಕು ದಿನಕ್ಕೆ ಜರ್ಮನಿಯಿಂದ ದೃಢೀಕರಣ ಪತ್ರ ಬಂತು. ಜರ್ಮನ್ ಭಾಷೆಯಲ್ಲಿ ಶುರುವಾಗುತ್ತೆ, ಕೆಳಗೆ ಇಂಗ್ಲಿಷ್. ಮೊದಲ ಸಾಲು 'ಜೇರ್ ಗೆಎರ್ಟೆ ಫ್ರೌ', ಆಮೇಲೆ ಭಾವನ ಹೆಸರು, ಪೂರ್ತಿ. ಹಂಗಂದ್ರೇನು ಅಂತ ಅಕ್ಕ ಕೇಳ್ತು. ಹುಡುಗಿ, 'ಬಹಳ ಗೌರವಾನ್ವಿತ ಅಂತ ಕಣಮ್ಮ. ಅಲ್ಲಿ ಎಲ್ಲಾ ಲೆಟರ್‌ಗೂ ಹಂಗೇ ಬರೀತಾರೆ, ಕರೆಂಟ್ ಬಿಲ್‌ಗೂ' ಅಂದಳು. ಅದು ನಿಜ, ಅದೊಂದು ಪದ್ಧತಿ ಅಷ್ಟೇ, ಕಂಪ್ಯೂಟರ್ ಹಾಕೋದು. ಅಕ್ಕ ಮಾತ್ರ ಇನ್ನೊಂದು ಸಲ ಓದು ಅಂತು. ಓದಿದಳು. ಮತ್ತೆ ಓದು ಅಂತು. ಆಮೇಲೆ ಅಕ್ಕ ಎದ್ದು ಒಳಕ್ಕೆ ಹೋಯ್ತು, ನೀರು ಕಾಯಿಸೋಕೆ ಅಂತ.

ವೀಸಾ ಸೆಪ್ಟೆಂಬರ್‌ನಲ್ಲಿ ಬಂತು. ಅಲ್ಲಿಗೆ ಹೋಗಿ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ಮಾಮೂಲಿ ಖಾತೆ ಒಂದು ತೆರೆದ ಮೇಲೆ ಬೀಗ ತೆಗೆದರು. ಆ ದೇಶದಲ್ಲಿ 2016ರಿಂದ ಕಾನೂನೇ ಇದೆಯಂತೆ, ಅಲ್ಲಿ ಕಾನೂನುಬದ್ಧವಾಗಿ ಇರೋ ಯಾರಿಗೇ ಆಗಲಿ, ಮನೆ ಇಲ್ಲದೋರಿಗೂ, ಆಶ್ರಯ ಕೇಳಿ ಬಂದೋರಿಗೂ, ಮೂಲ ಖಾತೆ ಒಂದನ್ನ ಬ್ಯಾಂಕು ಇಲ್ಲ ಅನ್ನಂಗಿಲ್ಲ. 'ಬಾಸಿಸ್‌ಕೊಂಟೊ' ಅಂತ. ಒಳಗೆ ಬಂದ ಮೇಲೆ ಇಷ್ಟು ಹಕ್ಕು ಕೊಡೋ ದೇಶ ಬಾಗಿಲಲ್ಲಿ ಅಷ್ಟು ದುಡ್ಡು ಕೇಳುತ್ತೆ. ಎರಡೂ ನಿಜ. ನಮ್ಮಲ್ಲೂ 2014ರಲ್ಲಿ ಜನಧನ್ ಬಂತು, ಅಕ್ಕನಿಗೆ ಖಾತೆ ಆಗಿದ್ದು ಅದರಲ್ಲೇ, ಇಂಟ್ರೊಡ್ಯೂಸರ್ ಕಾಟ ಇಲ್ಲದೆ. ಅದನ್ನ ಮೆಚ್ಚೋದರಲ್ಲಿ ನನಗೇನೂ ನಾಚಿಕೆ ಇಲ್ಲ. ಖಾತೆ ಆಯ್ತು, ಒಳಗೆ ಹಾಕೋಕೆ ಏನಿದೆ ಅನ್ನೋದು ಮಾತ್ರ ಅಕ್ಕನಿಗೆ ಬಿಟ್ಟದ್ದು.

ಮೊದಲ 992 ಯೂರೋ ಬಿದ್ದ ದಿನ ಹುಡುಗಿ ಸ್ಕ್ರೀನ್‌ಶಾಟ್ ಕಳಿಸಿದಳು. ರೂಮಿನ ಬಾಡಿಗೆ, ವಿಮೆ ಕಳೆದು ಉಳಿಯೋದರಲ್ಲಿ ಊಟ. ಅವ್ವನ ವಾಲೆ ಬಿಡಿಸೋಕೆ ಈಗಲೇ ಕಳಿಸ್ತೀನಿ ಅಂದಳು. ಮೊದಲು ಚಳಿಗೆ ಒಂದು ದಪ್ಪ ಕೋಟು ತಗೋ ಅಂದೆ.

ಈಗ ನನ್ನ ಮೇಜಿನ ಮೇಲೆ ಶಿರಾ ಕಡೆಯ ಒಬ್ಬ ಹುಡುಗನ ಫೈಲ್ ಇದೆ. ಮುಂದಿನ ವರ್ಷಕ್ಕೆ ಪ್ರಯತ್ನ ಮಾಡ್ತಿದಾನೆ. ಮಾರ್ಕ್ಸ್‌ಕಾರ್ಡಲ್ಲಿ ಒಂದು ಸ್ಪೆಲಿಂಗ್, ಆಧಾರಲ್ಲಿ ಇನ್ನೊಂದು, ಮೊದಲು ಅದನ್ನ ಸರಿ ಮಾಡಿಸ್ತಿದೀವಿ. ಎ2 ಫಾರಂ, ಸಾಲ ಮಂಜೂರಾತಿ ಪತ್ರ, ಟಿಸಿಎಸ್ ಬಗ್ಗೆ ನಾನು ಬರೆದುಕೊಟ್ಟ ಅರ್ಜಿ, ಎಲ್ಲದರ ಜೆರಾಕ್ಸ್ ಇಟ್ಟಿದೀನಿ. ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಮೊನ್ನೆ ಆ ಹುಡುಗ ಹುಡುಗಿಗೆ ಫೋನ್ ಮಾಡಿ, 'ಅಕ್ಕಾ, ನೀವು ಅಲ್ಲಿಂದ ನನ್ನ ಜವಾಬ್ದಾರಿ ಅಂತ ಬರೆದುಕೊಡೋಕೆ ಆಗುತ್ತಾ?' ಅಂತ ಕೇಳಿದನಂತೆ. ಓದೋರು ಬರೆದುಕೊಟ್ರೆ ನಡೆಯಲ್ಲ, ಸಂಬಳ ಬೇಕು. 'ಇನ್ನೊಂದು ಮೂರು ವರ್ಷ ತಡಿ ಕಣೋ' ಅಂದಿದಾಳೆ.

ಜೈ ಭೀಮ್.